ಪುಲಿಕಾಟ್ ಸರೋವರಕ್ಕೆ ಎರಡು ದಿನ: ರಾಜಹಂಸ ಯಾವ ಕಡೆ ಸಿಗುತ್ತವೆ, ದೋಣಿ ಬೇಕೇ ಬೇಕಾ?

ಕೆರೆಯಂಚು:
ಜನವರಿ ಮೂರನೇ ವಾರ, ಶನಿವಾರ-ಭಾನುವಾರ. ಬೆಂಗಳೂರಿನಿಂದ ಕಾರು. ನಾಲ್ಕು ಜನ, ಅದರಲ್ಲಿ ಇಬ್ಬರಿಗೆ 70 ದಾಟಿದೆ, ಹೆಚ್ಚು ನಡೆಯಲಾಗದು. ಕೈಯಲ್ಲಿ 8x42 ಬೈನಾಕ್ಯುಲರ್ ಮತ್ತು ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ 150-500 ಮಿ.ಮೀ. ಲೆನ್ಸ್ ಇದೆ. ನೋಡಬೇಕಾದದ್ದು ಮುಖ್ಯವಾಗಿ ರಾಜಹಂಸ, ಅಂದರೆ ಫ್ಲೆಮಿಂಗೊ. ಜೊತೆಗೆ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಗೂಡು.

ಮ್ಯಾಪಿನಲ್ಲಿ ನೋಡಿದರೆ ಸರೋವರ 60 ಕಿ.ಮೀ. ಉದ್ದ ಇದೆ. ಪುಲಿಕಾಟ್ ಎಂಬ ಊರು ತಮಿಳುನಾಡಿನ ತುದಿಯಲ್ಲಿ, ಫ್ಲೆಮಿಂಗೊ ಹಬ್ಬ ನಡೆಯುವುದು ಆಂಧ್ರದ ಸೂಳ್ಳೂರುಪೇಟೆಯಲ್ಲಿ. ಯಾವ ಕಡೆ ಹೋಗಬೇಕು? ದೋಣಿ ಹತ್ತದೆ ಹತ್ತಿರದಿಂದ ಕಾಣುತ್ತವೆಯೇ? ಜನವರಿ ಬೇಡ ಫೆಬ್ರವರಿಗೆ ಹೋಗಿ ಅಂತ ಕೆಲವರು ಹೇಳ್ತಾರೆ, ಅದೇನು ಲೆಕ್ಕ?

ಉಪ್ಪುನೀರು:
ಸೂಳ್ಳೂರುಪೇಟೆ ಕಡೆಗೇ ಹೋಗಿ. ದೋಣಿ ಬೇಡ. ಕಾರಣ ಬಿಡಿಸಿ ಹೇಳುತ್ತೇನೆ. ಈ ಸರೋವರದಲ್ಲಿ ತಿಂಗಳಿಗಿಂತ ನೀರಿನ ಆಳ ಮುಖ್ಯ, ಅದೊಂದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಪುಲಿಕಾಟ್ ನಮ್ಮ ದೇಶದಲ್ಲಿ ಚಿಲಿಕಾ ಬಿಟ್ಟರೆ ದೊಡ್ಡ ಉಪ್ಪುಸಿಹಿ ಬೆರೆತ ನೀರಿನ ಸರೋವರ. ಆದರೆ ಸರಾಸರಿ ಆಳ ಒಂದು ಮೀಟರ್ ಆಸುಪಾಸು ಅಷ್ಟೇ. ಅಷ್ಟು ಅಗಲದ ತಟ್ಟೆಯಲ್ಲಿ ನಾಲ್ಕು ಬೆರಳು ನೀರು ಏರಿದರೂ ಇಳಿದರೂ ದಡ ಎಷ್ಟೋ ದೂರ ಸರಿಯುತ್ತದೆ. ನೀರು ಬರುವುದು ಎರಡು ಕಡೆಯಿಂದ. ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ: ಆರಣಿ, ಕಾಳಂಗಿ ನದಿಗಳು ತಂದು ತುಂಬಿಸುತ್ತವೆ. ಇನ್ನೊಂದು, ಅಳಿವೆಗಳ ಮೂಲಕ ಒಳಬರುವ ಸಮುದ್ರದ ಉಬ್ಬರ. ಅಳಿವೆಗೆ ಮರಳು ಅಡ್ಡ ಬಿದ್ದರೆ ಉಬ್ಬರದ ಹರಿವು ಕುಗ್ಗುತ್ತದೆ. ಆಮೇಲೆ ಬಿಸಿಲು ಕುಡಿದಷ್ಟು ಕುಡಿದು ಬಿಡುತ್ತದೆ. ಮಳೆಗಾಲದಲ್ಲಿ ಹೆಚ್ಚುಕಮ್ಮಿ ಸಿಹಿನೀರಾಗಿರುವುದು ಕಡುಬೇಸಗೆಗೆ ಸಮುದ್ರಕ್ಕಿಂತ ಉಪ್ಪಾಗುತ್ತದೆ. ಉತ್ತರದ ಭಾಗ ಇನ್ನೂ ತೆಳು, ಹಾಗಾಗಿ ಮೊದಲು ಒಣಗಿ ಬಿಳಿ ಬಯಲಾಗುವುದೂ ಅದೇ.

ರಾಜಹಂಸ ತಲೆ ಕೆಳಗು ಮಾಡಿ, ಕೊಕ್ಕಿನೊಳಗಿನ ಜಾಲರಿಯಲ್ಲಿ ಕೆಸರುನೀರು ಸೋಸಿ ತಿನ್ನುವ ಹಕ್ಕಿ. ಕಾಲು ನೆಲಕ್ಕೆ ತಾಗಬೇಕು, ಕೊಕ್ಕೂ ತಾಗಬೇಕು. ಅದಕ್ಕೆ ಒಗ್ಗುವುದು ಗೇಣಿನಿಂದ ಎರಡೂವರೆ ಅಡಿವರೆಗಿನ ನೀರು. ಹಿಂಗಾರು ಜೋರಾಗಿ ಹೊಯ್ದ ವರ್ಷ ಜನವರಿಯಲ್ಲಿ ಸೋಸಲು ಸಿಗುವ ಜಾಗ ಅಂಚಿನ ಪಟ್ಟಿ ಮಾತ್ರ, ಹಿಂಡು ಚದುರಿ ದೂರದಲ್ಲಿ ಕಾಣುತ್ತದೆ. ಅಂಥ ವರ್ಷ ಫೆಬ್ರವರಿಗೆ ಹೋಗಿ ಎನ್ನುವ ಮಾತು ಸರಿ. ಮಳೆ ಕೈಕೊಟ್ಟ ವರ್ಷ ಉಲ್ಟಾ: ಡಿಸೆಂಬರ್ ಕೊನೆಯಿಂದಲೇ ಗುಂಪು ಕಟ್ಟುತ್ತವೆ, ಫೆಬ್ರವರಿ ಹೊತ್ತಿಗೆ ಉತ್ತರದ ಬದಿ ಒಣಗಿ ಹಕ್ಕಿ ಬೇರೆ ಕಡೆ ಹೋಗಿರುತ್ತವೆ. ಆದ್ದರಿಂದ ನವೆಂಬರ್-ಡಿಸೆಂಬರ್ ಮಳೆ ಹೇಗಾಯಿತು ನೋಡಿ ದಿನ ಗೊತ್ತುಮಾಡಿ.

ಈಗ ಜಾಗ. ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಗೆ ಹೋಗುವ ಸುಮಾರು 18 ಕಿ.ಮೀ. ರಸ್ತೆ ಸರೋವರವನ್ನೇ ಅಡ್ಡ ಸೀಳಿಕೊಂಡು ಹೋಗುತ್ತದೆ. ಊರು, ಗದ್ದೆ ದಾಟಿದ ಮೇಲೆ ಎರಡೂ ಪಕ್ಕ ನೀರು. ದಾರಿಯಲ್ಲಿ ಸಿಗುವ ದಿಬ್ಬದ ಊರು ಅಟಕಾನಿತಿಪ್ಪ, ಅಲ್ಲಿ ಅರಣ್ಯ ಇಲಾಖೆಯ ಪರಿಸರ ಶಿಕ್ಷಣ ಕೇಂದ್ರ ಇದೆ. ನಿಮ್ಮ ಜೊತೆಯ ಹಿರಿಯರು ಕಾರಿನಿಂದ ಇಳಿಯದೆಯೂ ನೋಡಬಹುದಾದ ಜಾಗ ಈ ರಸ್ತೆಯೇ. ರಸ್ತೆಯ ಏರಿ ಅಡ್ಡ ಬಂದಿರುವುದರಿಂದ ನೀರು ಅತ್ತಿಂದಿತ್ತ ಹೋಗುವುದು ಏರಿಯ ಕೆಳಗಿನ ಕಿಂಡಿಗಳಲ್ಲಿ ಮಾತ್ರ. ಹೀಗಾಗಿ ಎಡಬಲದ ಆಳ ಒಂದೇ ಇರುವುದಿಲ್ಲ. ಒಂದು ಬದಿ ಖಾಲಿ ಕಂಡರೆ ಇನ್ನೊಂದು ಬದಿ ನೋಡದೆ ವಾಪಸ್ ಬರಬೇಡಿ. ಈ ಕಿಂಡಿಗಳ ಬಾಯಲ್ಲೇ ಮೀನು ಸೇರುವುದರಿಂದ ಬೆಳ್ಳಕ್ಕಿ, ಬೂದು ಬಕ, ರೀವಗಳು (ಟರ್ನ್) ಕಾವಲು ಕೂತಿರುತ್ತವೆ. ಹತ್ತಿರದ ಫೋಟೊ ಸಿಗುವುದೂ ಅಲ್ಲೇ.

ದಾರಿ: ಕೋಲಾರ, ಮುಳಬಾಗಿಲು, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ, ನಾಯುಡುಪೇಟೆ. ಅಲ್ಲಿ 16ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಚೆನ್ನೈ ದಿಕ್ಕಿಗೆ ತಿರುಗಿದರೆ ಸೂಳ್ಳೂರುಪೇಟೆ. ಒಟ್ಟು 330 ಕಿ.ಮೀ. ಆಜುಬಾಜು. ಊಟ ತಿಂಡಿ ಸೇರಿ ಏಳು ಗಂಟೆ ಇಟ್ಟುಕೊಳ್ಳಿ. ರೈಲಾದರೆ ಚೆನ್ನೈಗೆ ಹೋಗಿ, ಅಲ್ಲಿಂದ ಸೂಳ್ಳೂರುಪೇಟೆ ಲೋಕಲ್.

ಮೆಟ್ಟುಗಾಲು:
ಮೇಲಿನದಕ್ಕೆ ಸೇರಿಸುವುದು ಮೂರು ವಿಷಯ, ಮೂರೂ ಜನ ಎಡವುವ ಕಡೆ.

ರಸ್ತೆಯ ಕೊನೆಗೆ ಇರುವುದು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ. ಚೆಕ್‌ಪೋಸ್ಟ್ ದಾಟಲು ಪಾಸ್ ಬೇಕು, ಹಕ್ಕಿ ನೋಡಲು ಬಂದೆವು ಎಂದರೆ ಬಿಡುವುದಿಲ್ಲ. ದಾಟುವ ಅಗತ್ಯವೂ ಇಲ್ಲ, ನೀರೆಲ್ಲ ಈಚೆಗೇ ಇದೆ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ರಾಕೆಟ್ ಉಡಾವಣೆ ದಿನ ಆ ಕಡೆ ತಲೆ ಹಾಕಬೇಡಿ. ವಾಹನ ಸಾಲುಗಟ್ಟುತ್ತವೆ, ಲಾಡ್ಜ್ ಸಿಗುವುದಿಲ್ಲ. ಇಸ್ರೋ ದಿನಾಂಕ ಮುಂಚೆಯೇ ಪ್ರಕಟಿಸುತ್ತದೆ, ರೂಮು ಕಾದಿರಿಸುವ ಮೊದಲು ನೋಡಿಕೊಳ್ಳಿ. ಫ್ಲೆಮಿಂಗೊ ಹಬ್ಬಕ್ಕೂ ಇದೇ ಮಾತು. 2025ರಲ್ಲಿ ಅದು ಜನವರಿ 18ರಿಂದ 20ರವರೆಗೆ ನಡೆಯಿತು, ಅಂದರೆ ನೀವು ಹೇಳುವ ವಾರವೇ. ಹಬ್ಬದಲ್ಲಿ ಮೈಕು, ಮಳಿಗೆ, ಬಸ್ಸು ತುಂಬ ಶಾಲಾಮಕ್ಕಳು. ಮಕ್ಕಳಿಗೆ ಒಳ್ಳೆಯದೇ. ಹಕ್ಕಿ ನೋಡುವವರಿಗೆ ಅಲ್ಲ.

ಎರಡನೆಯದು ಕೆಸರು. ದಡದಲ್ಲಿ ಬಿಳಿಚಿಕೊಂಡು ಬಿರುಕುಬಿಟ್ಟ ನೆಲ ಕಾಣುತ್ತದೆ, ಗಟ್ಟಿ ಇದೆ ಅನಿಸುತ್ತದೆ. ಅದು ಮೇಲಿನ ಒಂದಂಗುಲದ ಹಪ್ಪಳ. ಕೆಳಗೆ ಕೊಳೆತ ಮೊಟ್ಟೆ ವಾಸನೆಯ ಕರಿ ಜೇಡಿ, ಕಾಲಿಟ್ಟರೆ ಮೊಣಕಾಲವರೆಗೆ ಹೋಗುತ್ತದೆ. ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಕಾರಂತೂ ಡಾಂಬರು ಬಿಟ್ಟು ಇಳಿಸಲೇಬಾರದು. ಹೂತರೆ ಎಕ್ಸಲರೇಟರ್ ಒತ್ತಬೇಡಿ, ಚಕ್ರ ತಿರುಗಿದಷ್ಟೂ ಗುಂಡಿ ಆಳವಾಗಿ ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಟಯರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಕಾಲೊರೆಸುವ ಮ್ಯಾಟ್ ಕೊಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಬೇಕು. ಅದಕ್ಕೂ ಬರದಿದ್ದರೆ ಟ್ರ್ಯಾಕ್ಟರೇ ಗತಿ. ಹಗ್ಗ ಡಿಕ್ಕಿಯಲ್ಲಿ ಇರಲಿ.

ಮೂರನೆಯದು ಬೆಳಕು. ರಸ್ತೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಜನವರಿಯಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಹಾಗಾಗಿ ಬೆಳಿಗ್ಗೆಯಾಗಲಿ ಸಂಜೆಯಾಗಲಿ ಉತ್ತರದ ಬದಿಯ ನೀರಿಗೆ ಮುಖ ಮಾಡಿದರೆ ಬಿಸಿಲು ನಿಮ್ಮ ಬೆನ್ನಿಗೆ ಬರುತ್ತದೆ, ಗುಲಾಬಿ ಬಣ್ಣ ಕಾಣುತ್ತದೆ. ದಕ್ಷಿಣದ ಬದಿಯಲ್ಲಿ ಕಾಣುವುದು ಕಪ್ಪು ನೆರಳುಚಿತ್ರ. ಸೂರ್ಯೋದಯ ಆರೂವರೆ ದಾಟಿ. ಆರಕ್ಕೇ ಊರು ಬಿಟ್ಟು, ಮೊದಲು ನಿಲ್ಲಿಸದೆ ಅಟಕಾನಿತಿಪ್ಪದವರೆಗೆ ಹೋಗಿಬಿಡಿ. ಅಲ್ಲಿ ಕಾರು ತಿರುಗಿಸಿ ನಿಧಾನಕ್ಕೆ ವಾಪಸ್ ಬನ್ನಿ. ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಉತ್ತರದ ನೀರು ಬಲಕ್ಕೆ ಬರುತ್ತದೆ. ನೋಡುವವರು ಎಡಗಡೆ ಕೂತು ಬಲಕ್ಕೆ ಇಣುಕುವುದಲ್ಲ, ಡ್ರೈವರ್ ಹಿಂದಿನ ಕಿಟಕಿಯಲ್ಲೇ ಕೂರಬೇಕು. ಕಾರು ನಿಲ್ಲುವುದು ರಸ್ತೆಯ ಎಡ ಅಂಚಿಗೆ ತಾನೇ. ನೀರಿಗೂ ನಿಮಗೂ ನಡುವೆ ಓಡಾಡುವ ವಾಹನ ಇರುತ್ತದೆ, ಬಲಬದಿಯ ಬಾಗಿಲು ತೆಗೆಯುವಾಗ ಹುಷಾರು.

ಕೆರೆಯಂಚು:
ಇಬ್ಬರಿಗೂ ಧನ್ಯವಾದ. ಕಾರು ತಿರುಗಿಸುವ ಲೆಕ್ಕ ಹೊಳೆದೇ ಇರಲಿಲ್ಲ. ಎರಡು ಉಪಪ್ರಶ್ನೆ. 500 ಲೆನ್ಸ್ ಸಾಕಾ? ಮತ್ತು ಮಳೆ ಹೇಗಾಯಿತು ಅಂತ ಇಲ್ಲಿ ಕೂತು ತಿಳಿಯುವುದು ಹೇಗೆ? ಪೇಪರಿನಲ್ಲಿ ಮಳೆ ಅಂಕಿ ಬರುತ್ತದೆ, ಸರೋವರದ ನೀರು ಬರುವುದಿಲ್ಲವಲ್ಲ.

ನೀರಂಚು:
ನೀರು ನೋಡುವುದಕ್ಕೆ ಉಪಗ್ರಹ ಚಿತ್ರ ಇದೆಯಲ್ಲ. ಕೋಪರ್ನಿಕಸ್ ಬ್ರೌಸರ್ ಎಂಬ ತಾಣ ತೆರೆಯಿರಿ, ದುಡ್ಡಿಲ್ಲ. ಸೂಳ್ಳೂರುಪೇಟೆಗೆ ನಕ್ಷೆ ಸರಿಸಿ, ಸೆಂಟಿನೆಲ್-2 ಎಂಬ ಉಪಗ್ರಹ ಆಯ್ದು, ಮೋಡ ಕಮ್ಮಿ ಇರುವ ತೀರಾ ಈಚಿನ ದಿನ ಹಿಡಿಯಿರಿ. ಐದು ದಿನಕ್ಕೊಮ್ಮೆ ಆ ಜಾಗದ ಮೇಲೆ ಹಾಯುತ್ತದೆ, ಮೋಡವಿದ್ದರೆ ಹಿಂದಿನದು ನೋಡಬೇಕು. ಮಾಮೂಲಿ ಬಣ್ಣದಲ್ಲಿ ಕೆಸರುನೀರೂ ಒದ್ದೆ ಕೆಸರೂ ಒಂದೇ ಥರ ಕಂಡು ಮೋಸವಾಗುತ್ತದೆ. ಎಸ್‌ಡಬ್ಲ್ಯುಐಆರ್ (SWIR, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಚಿತ್ರ) ಎಂಬ ಪದರಕ್ಕೆ ಬದಲಿಸಿ: ನೀರು ಕಪ್ಪಾಗಿ, ಬರೀ ನೆಲ ಕಂದಾಗಿ, ಗಿಡ ಹಸಿರಾಗಿ ಬೇರೆಯಾಗುತ್ತದೆ. ಈಗ ಅದೇ ಜಾಗದ ಹದಿನೈದು ದಿನ ಹಿಂದಿನ ಚಿತ್ರ ಪಕ್ಕಕ್ಕೆ ಇಟ್ಟುಕೊಳ್ಳಿ. ಮೊದಲು ಕಪ್ಪಿದ್ದು ಈಗ ಕಂದಾದ ಪಟ್ಟಿ ಕಾಣುತ್ತದೆ. ನೀರು ಈಗಷ್ಟೇ ಬಿಟ್ಟ ನೆಲ ಅದು. ಅದಕ್ಕೆ ಅಂಟಿದ ಕಪ್ಪಂಚೇ ತೆಳು ನೀರು. ರಸ್ತೆಯಿಂದ ಅದು ಅರ್ಧ ಕಿ.ಮೀ.ಗಿಂತ ಹತ್ತಿರ ಇದ್ದರೆ ನಿಮ್ಮ ಪುಣ್ಯ. ಹಕ್ಕಿಯೇನೂ ಆ ಚಿತ್ರದಲ್ಲಿ ಕಾಣುವುದಿಲ್ಲ, ಒಂದು ಚುಕ್ಕೆ ನೆಲದ ಮೇಲೆ 10-20 ಮೀಟರ್.

ಹಕ್ಕಿ ಬಂದಿವೆಯಾ ಎಂಬುದಕ್ಕೆ ಹಕ್ಕಿ ನೋಡಿದವರು ಪಟ್ಟಿ ಹಾಕುವ ಇ-ಬರ್ಡ್ ತಾಣದಲ್ಲಿ ಕಳೆದ ತಿಂಗಳದ್ದು ನೋಡಿ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರಹಕ್ಕಿ ಗಣತಿ ನಡೆಯುವುದರಿಂದ ಆ ತಿಂಗಳು ಪಟ್ಟಿಗಳಿಗೆ ಬರವಿಲ್ಲ. ನೀವೂ ಒಂದು ಹಾಕಿ, ಆದರೆ ‘ಸಾವಿರಾರು’ ಅಂತ ಬರೆಯಬೇಡಿ. ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಎಣಿಸಿ, ಅವು ಬೈನಾಕ್ಯುಲರಿನಲ್ಲಿ ಎಷ್ಟು ಜಾಗ ಹಿಡಿಯುತ್ತವೆ ನೋಡಿ, ಅದೇ ಅಳತೆಯಲ್ಲಿ ನೂರು ಮಾಡಿ, ನೂರರ ತುಂಡುಗಳಲ್ಲಿ ಹಿಂಡಿನ ಉದ್ದಕ್ಕೂ ಅಳೆಯಿರಿ. ನಡುವೆ ದಟ್ಟ, ಅಂಚಿನಲ್ಲಿ ತೆಳು ಇರುತ್ತದೆ, ಆದ್ದರಿಂದ ತುದಿಯ ಅಳತೆ ನಡುವಿಗೆ ಹಾಕಿದರೆ ಲೆಕ್ಕ ಕಮ್ಮಿ ಬರುತ್ತದೆ. ಎರಡೂ ಕಡೆ ಬೇರೆ ಬೇರೆ ಎಣಿಸಿ.

ಲೆನ್ಸ್ ವಿಷಯ. ದೊಡ್ಡ ರಾಜಹಂಸ ಹೆಚ್ಚುಕಮ್ಮಿ 1.3 ಮೀಟರ್ ಎತ್ತರ. 250 ಮೀಟರ್ ದೂರದಲ್ಲಿದ್ದರೆ 500ರಲ್ಲಿ ನಿಮ್ಮ ಸೆನ್ಸರಿನ ಎತ್ತರದ ಆರನೇ ಒಂದು ಭಾಗ ಬರುತ್ತದೆ. ಒಂಟಿ ಹಕ್ಕಿಯ ಮುಖಚಿತ್ರಕ್ಕೆ ಸಾಲದು, ಹಿಂಡಿನ ಸಾಲಿಗೆ ಧಾರಾಳ. 600 ತಂದರೂ ದೊಡ್ಡ ವ್ಯತ್ಯಾಸ ಇಲ್ಲ, ಯಾಕೆಂದರೆ ಅಲ್ಲಿ ಫೋಟೊ ಕೆಡಿಸುವುದು ಲೆನ್ಸಲ್ಲ, ಬಿಸಿಗಾಳಿ. ಒಂಬತ್ತರ ಮೇಲೆ ನೆಲ ಕಾದು ನೀರಿನ ಮೇಲೆ ಗಾಳಿ ನಡುಗತೊಡಗುತ್ತದೆ, ಹಕ್ಕಿಯ ಕಾಲು ಹಾವಿನ ಹಾಗೆ ಸೊಟ್ಟ ಕಾಣುತ್ತದೆ. ಎಷ್ಟು ಫೋಕಸ್ ಮಾಡಿದರೂ ಅದು ತಿದ್ದದು. ಕಾರಿನೊಳಗೆ ಎ.ಸಿ. ಹಾಕಿ ಕಿಟಕಿ ಇಳಿಸಿದರೂ ಅದೇ ಕಾಟ, ತಣ್ಣಗಿನ ಗಾಳಿ ಬೆಚ್ಚಗಿನದಕ್ಕೆ ಬೆರೆಯುವುದು ಸರಿಯಾಗಿ ನಿಮ್ಮ ಲೆನ್ಸಿನ ಮುಂದೆಯೇ. ಎಂಜಿನ್, ಎ.ಸಿ. ಎರಡೂ ಆರಿಸಿ, ಕಿಟಕಿ ಇಳಿಸಿ ಐದು ನಿಮಿಷ ಬಿಡಿ. ಬಟ್ಟೆ ಚೀಲದಲ್ಲಿ ಒಂದೂವರೆ ಎರಡು ಕಿಲೋ ಅಕ್ಕಿ ತುಂಬಿ ಕಿಟಕಿ ಅಂಚಿಗೆ ಹಾಕಿ ಅದರ ಮೇಲೆ ಲೆನ್ಸ್ ಕೂರಿಸಿದರೆ ಟ್ರೈಪಾಡ್ ಬೇಡ. ಹಾರುವಾಗ ಶಟರ್ ವೇಗ 1/1600. ದೂರದ ಬಿಳಿಹಕ್ಕಿ, ಹಿಂದೆ ಕಡುನೀರು ಇದ್ದರೆ ಎಕ್ಸ್‌ಪೋಷರ್ 0.7 ಕಮ್ಮಿ ಮಾಡಿ, ಇಲ್ಲದಿದ್ದರೆ ರೆಕ್ಕೆಯ ಬಿಳುಪೆಲ್ಲ ಸುಣ್ಣ ಬಳಿದ ಹಾಗಾಗುತ್ತದೆ. ವಾಪಸ್ ಬಂದ ಮೇಲೆ ಲೆನ್ಸಿನ ಮೈಯನ್ನು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪುಗಾಳಿ ಕುಳಿತರೆ ಸ್ಕ್ರೂ ತುಕ್ಕು ಹಿಡಿಯುತ್ತದೆ.

ಇನ್ನೊಂದು, ನೀರಿನ ಆಳ ಹೇಳುವ ಮೀಟರು ಹಕ್ಕಿಯ ಕಾಲಲ್ಲೇ ಇದೆ. ಹಿಂದಕ್ಕೆ ಮಡಚುವ ಗಂಟು ಕಾಣುತ್ತದಲ್ಲ, ಅದು ಮಂಡಿಯಲ್ಲ, ಹಿಮ್ಮಡಿ. ಅದರ ಕೆಳಗಿನ ಭಾಗ ಸುಮಾರು ಒಂದಡಿ. ಗಂಟು ನೀರಿನ ಮೇಲಿದ್ದರೆ ಅಲ್ಲಿ ಒಂದಡಿಗೂ ಕಮ್ಮಿ ನೀರು. ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತಾ ಕಾಲಲ್ಲಿ ತುಳಿಯುವುದನ್ನು ಅಂಥ ಕಡೆ ನೋಡಬಹುದು. ಕೆಸರು ಕಲಕಿ ಹುಳ ಎಬ್ಬಿಸುವ ವಿದ್ಯೆ ಅದು. ಹೊಟ್ಟೆ ನೀರಿಗೆ ತಾಗುತ್ತಿದ್ದರೆ ಎರಡಡಿ ಮೀರಿದೆ. ಬಾತಿನ ಹಾಗೆ ತೇಲುತ್ತಿದ್ದರೆ ಕಾಲು ನೆಲ ಬಿಟ್ಟಿದೆ.

ಉಪ್ಪುನೀರು:
ಹಿಂಡಿನಲ್ಲಿ ಬೂದು-ಕಂದು ಬಣ್ಣದವು ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ, ಎಳೆಯ ಹಕ್ಕಿಗಳು. ಗುಲಾಬಿ ಬಣ್ಣ ತಿಂದ ಆಹಾರದಿಂದ ಬರುವುದು, ವರ್ಷಗಳು ಬೇಕು. ಚಿಕ್ಕ ರಾಜಹಂಸವೂ ಒಮ್ಮೊಮ್ಮೆ ಸೇರಿಕೊಂಡಿರುತ್ತದೆ. ಎತ್ತರ ನೋಡಿ ಹೇಳಲು ಹೋಗಬೇಡಿ, ಕೊಕ್ಕು ನೋಡಿ: ದೊಡ್ಡದಕ್ಕೆ ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು. ಚಿಕ್ಕದಕ್ಕೆ ಇಡೀ ಕೊಕ್ಕು ಕಡುಗೆಂಪು, ದೂರಕ್ಕೆ ಕಪ್ಪೇ ಅನಿಸುತ್ತದೆ. ಅಂದಹಾಗೆ ಕಾವ್ಯದಲ್ಲಿ ಹಾಲು-ನೀರು ಬೇರ್ಪಡಿಸುವ ರಾಜಹಂಸಕ್ಕೂ ಇದಕ್ಕೂ ಸಂಬಂಧ ಹುಡುಕಬೇಡಿ. ಸೋಸುವುದೇನೋ ನಿಜ, ಆದರೆ ಕೆಸರನ್ನು.

ಇವು ಇಲ್ಲಿ ಗೂಡು ಕಟ್ಟುವುದಿಲ್ಲ, ಮೇಯಲು ಬರುವುದು. ನಮ್ಮ ದೇಶದಲ್ಲಿ ಅವುಗಳ ದೊಡ್ಡ ಬಾಣಂತನ ಕಛ್‌ನ ರಣದಲ್ಲಿ.

ಹೆಜ್ಜೆಗುರುತು:
ಹಿರಿಯರಿದ್ದಾರೆ, ಹೆಜ್ಜಾರ್ಲೆ ಗೂಡು ಬೇಕು ಎಂದಿದ್ದೀರಿ. ಅದಕ್ಕೆ ನೇಲಪಟ್ಟು. ನಾಯುಡುಪೇಟೆಯಿಂದ ಸೂಳ್ಳೂರುಪೇಟೆಗೆ ಬರುವ ಹೆದ್ದಾರಿಯಲ್ಲೇ ದೊರವಾರಿಸತ್ರಂ ಹತ್ತಿರ ಒಳಗೆ ತಿರುಗಬೇಕು. 1976ರಿಂದ ಪಕ್ಷಿಧಾಮ, ಸುಮಾರು 459 ಹೆಕ್ಟೇರ್. ಬರುವ ದಾರಿಯಲ್ಲೇ ಇರುವುದರಿಂದ ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿಗೆ ಬನ್ನಿ, ಸಂಜೆ ಸೂಳ್ಳೂರುಪೇಟೆಗೆ ಹೋಗಿ ಮಲಗಿ, ಭಾನುವಾರ ಬೆಳಿಗ್ಗೆ ಸರೋವರ. ಉಲ್ಟಾ ಮಾಡಿದರೆ ಶನಿವಾರ ಬಿಸಿಗಾಳಿ ಹೊತ್ತಿನಲ್ಲಿ ಸರೋವರಕ್ಕೆ ಬಂದಿಳಿಯುತ್ತೀರಿ.

ಅಲ್ಲಿ ಕೆರೆಯ ನೀರಿನಲ್ಲೇ ನಿಂತ ಬಾರಿಂಗ್ಟೋನಿಯ ಎಂಬ ಜಾತಿಯ ಮರಗಳ ತಲೆ ಮೇಲೆ ಗೂಡು. ತೆಲುಗರು ಹೆಜ್ಜಾರ್ಲೆಗೆ ಗೂಡಬಾತು ಅನ್ನುತ್ತಾರೆ, ಕಾವಲುಗಾರರ ಹತ್ತಿರ ಆ ಹೆಸರಲ್ಲೇ ಕೇಳಿ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆ ಹಿತ್ತಿಲ ಮರದಲ್ಲಿ ಕೂರುವುದೂ ಇದೇ ಜಾತಿ. ಬೆಳೆದ ಹೆಜ್ಜಾರ್ಲೆ ಬಹುಮಟ್ಟಿಗೆ ಮೂಕ. ಕೇಳಿಬರುವ ಗಲಾಟೆಯೆಲ್ಲ ಮರಿಗಳದ್ದು. ತಾಯಿ ಬಂದು ಕೂತ ಕೂಡಲೇ ಮರಿ ಅದರ ಚೀಲದೊಳಗೆ ಕುತ್ತಿಗೆವರೆಗೆ ತಲೆ ತೂರಿಸುತ್ತದೆ, ನೋಡಿದರೆ ನುಂಗುತ್ತಿರುವುದು ಯಾರನ್ನು ಯಾರು ಎಂದು ತಿಳಿಯದು. ಮೇವಿಗೆ ಪುಲಿಕಾಟ್‌ವರೆಗೆ ಹೋಗಿ ಬರುತ್ತವೆ, ಆದ್ದರಿಂದ ಮೂರರಿಂದ ಐದರ ನಡುವೆ ಇಳಿಯುವ ಹಕ್ಕಿಗಳ ಸಾಲು ನೋಡಬಹುದು. ಬಾಯ್ಕಳಕ (ಓಪನ್‌ಬಿಲ್ ಕೊಕ್ಕರೆ), ಬಿಳಿ ಕೆಂಬರಲು (ಐಬಿಸ್), ನೀರುಕಾಗೆಗಳೂ ಅದೇ ಮರಗಳಲ್ಲಿ. ಹಕ್ಕಿ ನೋಡುವ ಗೋಪುರದ ಮೆಟ್ಟಿಲು ಹಿರಿಯರಿಗೆ ಕಷ್ಟವಾದರೆ ಕಟ್ಟೆಯ ಮೇಲಿಂದಲೇ ಬೈನಾಕ್ಯುಲರಿಗೆ ಚೆನ್ನಾಗಿ ಸಿಗುತ್ತವೆ. ಗೂಡಿನ ಕಡೆ ಚಪ್ಪಾಳೆ ಹೊಡೆಯುವವರನ್ನು ಕಂಡರೆ ಗದರಿಸಿ. ದೊಡ್ಡವು ಎದ್ದು ಹೋದ ಹತ್ತು ನಿಮಿಷದಲ್ಲಿ ಪುಕ್ಕ ಬಾರದ ಮರಿ ಬಿಸಿಲಿಗೆ ಬಾಡುತ್ತದೆ, ಕಾಗೆಯೂ ಹೊಂಚುತ್ತಿರುತ್ತದೆ.

ದೋಣಿ ವಿಷಯ ಉಳಿಯಿತು. ಆಂಧ್ರದ ಬದಿಯಲ್ಲಿ ತಡ ಎಂಬ ಊರಿನ ಹತ್ತಿರ ಭೀಮುಲವಾರಿಪಾಳ್ಯದಲ್ಲಿ ಪ್ರವಾಸೋದ್ಯಮದ ದೋಣಿಯುಂಟು. ಅದು ವಿಹಾರಕ್ಕೆ. ದೋಣಿಗೆ ಆಳದ ನೀರು ಬೇಕು, ರಾಜಹಂಸಕ್ಕೆ ತೆಳು ನೀರು ಬೇಕು, ಎರಡೂ ಒಂದು ಕಡೆ ಹೇಗೆ ಸಿಕ್ಕೀತು? ಮೋಟಾರು ಹಿಂಡಿನ ಹತ್ತಿರ ಹೋದರೆ ಅವು ಏಳುತ್ತವೆ. ತಮಿಳುನಾಡಿನ ಪಳವೇರ್ಕಾಡಿನಲ್ಲಿ, ಅಂದರೆ ನೀವು ಹೇಳಿದ ಪುಲಿಕಾಟ್ ಊರಿನಲ್ಲಿ, 2011ರ ಡಿಸೆಂಬರ್ 25ರಂದು ದೋಣಿ ಮಗುಚಿ 22 ಜನ ಸತ್ತ ಮೇಲೆ ಪ್ರವಾಸಿಗರ ದೋಣಿಗೆ ನಿಷೇಧ ಬಂತು. ಅಲ್ಲಿ ಯಾರಾದರೂ ಮೀನುದೋಣಿಯಲ್ಲಿ ಕರೆದೊಯ್ಯುತ್ತೇವೆ ಎಂದರೆ ಹತ್ತಬೇಡಿ, ಎಷ್ಟು ಕಮ್ಮಿ ದುಡ್ಡಿಗೆ ಕರೆದರೂ.

ಮೆಟ್ಟುಗಾಲು:
ಪಳವೇರ್ಕಾಡನ್ನು ಪೂರ್ತಿ ತಳ್ಳಿಹಾಕಬೇಡಿ. ಡಚ್ಚರು 1613ರಲ್ಲಿ ಕೋಟೆ ಕಟ್ಟಿಸಿದ ಊರು. ಕೋಟೆ ಈಗ ಪೊದೆ ತುಂಬಿದ ದಿಬ್ಬ, ಆದರೆ ಡಚ್ ಸ್ಮಶಾನ ಗಟ್ಟಿಯಾಗಿದೆ. ಬಾಗಿಲ ಎರಡು ಬದಿಗೆ ಕಲ್ಲಿನ ಅಸ್ಥಿಪಂಜರಗಳು ಕಾವಲು ನಿಂತಿವೆ. ಆದರೆ ಸೂಳ್ಳೂರುಪೇಟೆಯಿಂದ ಸುತ್ತು ಹಾಕಿ ಹೋಗಲು ಒಂದೂವರೆ ಗಂಟೆಗೂ ಹೆಚ್ಚು ಬೇಕು, ಅದು ನಿಮ್ಮ ಎರಡು ದಿನದಲ್ಲಿ ಹಿಡಿಸದು. ಅದನ್ನು ಚೆನ್ನೈ ಪ್ರವಾಸಕ್ಕೆ ಸೇರಿಸಿ.

ಕೆರೆಯಂಚು:
ಹಾಗಾದರೆ ಶನಿವಾರ ನೇಲಪಟ್ಟು, ಭಾನುವಾರ ಆರಕ್ಕೆ ಸರೋವರ, ಒಂಬತ್ತೂವರೆಗೆ ಮುಗಿಸಿ ಹೊರಡುವುದು. ಹಬ್ಬದ ದಿನಾಂಕ ಬಂದ ಮೇಲೆ ಒಂದು ವಾರ ಹಿಂದೆ ಮುಂದೆ ಮಾಡುತ್ತೇನೆ. ಕೊನೆಯದು: ರಸ್ತೆಯಲ್ಲಿ ಕಾರಿನಿಂದ ಇಳಿದರೆ ಹಿಂಡು ಹಾರುತ್ತದಾ?

ನೀರಂಚು:
ಓಡುವ ಕಾರಿಗೆ ಅವು ಒಗ್ಗಿಕೊಂಡಿವೆ, ನಿಂತ ಕಾರಿಗೂ ಪರವಾಗಿಲ್ಲ, ನಡೆದುಬರುವ ಮನುಷ್ಯನಿಗೆ ಇಲ್ಲ. ಇಳಿಯುವುದಾದರೆ ಕಾರಿನ ಮರೆಯಲ್ಲಿ ನಿಲ್ಲಿ, ಏರಿಯ ಇಳಿಜಾರಿಗೆ ಹೋಗಬೇಡಿ. ಮೇಯುತ್ತಿದ್ದ ತಲೆಗಳು ಒಂದೊಂದಾಗಿ ಮೇಲೆದ್ದು ಎಲ್ಲ ಕುತ್ತಿಗೆ ಕಡ್ಡಿಯಂತೆ ನೆಟ್ಟಗಾದರೆ ಅದು ಮೊದಲ ಎಚ್ಚರಿಕೆ ಗಂಟೆ. ಹಿಂಡು ನಿಮಗೆ ಬೆನ್ನು ಹಾಕಿ ಒಟ್ಟಾಗಿ ನಡೆಯಲು ಶುರುಮಾಡಿದರೆ ಎರಡನೆಯದು, ಅಲ್ಲೇ ಕಾರು ಹತ್ತಿ. ಮೂರನೆಯದು ನೀರಿನ ಮೇಲೆ ಓಟ. ರೆಕ್ಕೆಯ ಕೆಂಪು-ಕಪ್ಪು ಕಾಣಬೇಕೆಂದು ಬೇಕಂತಲೇ ಓಡಿಸುವವರಿದ್ದಾರೆ. ಬೇಕಿಲ್ಲ: ಮೇವಿನ ಜಾಗ ಬದಲಿಸಲು ಬೆಳಿಗ್ಗೆ ಏಳೂವರೆ ಎಂಟರ ನಡುವೆ ಸಣ್ಣ ಸಣ್ಣ ಗುಂಪು ತಾವಾಗೇ ಏಳುವುದುಂಟು. ಕ್ಯಾಮೆರಾ ಅಕ್ಕಿಚೀಲದ ಮೇಲಿಟ್ಟು ಕಾಯಿರಿ.